ಅಹವಾಲನ್ನು ಸಲಹೆಯಾಗಿಸುವುದು ಹೇಗೆ: ವಿಕಲಚೇತನರ ಸಲಹಾ ಸಮಿತಿಯ ಸದಸ್ಯರಿಗೆ

ಕೊಪ್ಪಳ ಜಿಲ್ಲೆಯಲ್ಲಿ ವಿಕಲಚೇತನರ ಸೇವೆಗಳ ಕುರಿತು ನಡೆಯುವ ಸಭೆಗಳಿಗೆ ಹಲವು ವರ್ಷ ಹೋಗಿ ಬಂದಿದ್ದೇನೆ. ಬಹುಪಾಲು ಸಭೆಗಳು ಒಂದೇ ಜಾಡಿನಲ್ಲಿ ಸಾಗುತ್ತವೆ. ಒಬ್ಬರು ಎದ್ದು ಮಾಸಾಶನ ನಿಂತಿದೆ ಎನ್ನುತ್ತಾರೆ, ಇನ್ನೊಬ್ಬರು ಮೂರುಗಾಲಿ ಸೈಕಲ್ಲಿಗೆ ಕೊಟ್ಟ ಅರ್ಜಿ ಏನಾಯಿತೆಂದು ಕೇಳುತ್ತಾರೆ, ಒಬ್ಬ ತಾಯಿ ಮಗನ ಪ್ರಮಾಣಪತ್ರವನ್ನು ಎತ್ತಿ ತೋರಿಸುತ್ತಾರೆ. ಅಧಿಕಾರಿಗಳು ಅರ್ಜಿಗಳನ್ನು ಪಡೆದು ಪರಿಶೀಲಿಸುವುದಾಗಿ ಹೇಳುತ್ತಾರೆ, ಚಹಾ ಬರುತ್ತದೆ, ಸಭೆ ಮುಗಿಯುತ್ತದೆ. ಎದ್ದು ನಿಂತ ಆ ಮೂವರ ಕೆಲಸ ಆಗಲೂಬಹುದು. ಆದರೆ ಅದೇ ಕಾರಣದಿಂದ ಮುಂದಿನ ತಿಂಗಳು ಬೇರೊಂದು ಊರಿನಲ್ಲಿ ಬೇರೊಬ್ಬರ ಮಾಸಾಶನ ನಿಲ್ಲುತ್ತದೆ, ಅವರಿಗೆ ಇಂಥದೊಂದು ಸಭೆ ನಡೆಯುವುದೇ ತಿಳಿದಿರುವುದಿಲ್ಲ. ಆ ಕಾರಣವನ್ನು ಹಿಡಿದು, ಅದನ್ನು ಸರಿಪಡಿಸಬಲ್ಲ ಕಚೇರಿಯ ಮುಂದೆ ಬರಹದಲ್ಲಿ ಇಡುವುದೇ ಸಲಹಾ ಸಮಿತಿಯ ಸದಸ್ಯರ ಕೆಲಸವೆಂದು ನಾನು ತಿಳಿದಿದ್ದೇನೆ. ತಾಲ್ಲೂಕು ಅಥವಾ ಜಿಲ್ಲಾ ಮಟ್ಟದ ಸಮಿತಿಗೆ ಹೊಸದಾಗಿ ಸೇರಿದ ವಿಕಲಚೇತನರನ್ನೂ ಪೋಷಕರನ್ನೂ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನೂ ಮನಸ್ಸಿನಲ್ಲಿಟ್ಟುಕೊಂಡು ಅದನ್ನು ಮಾಡುವ ಬಗೆಯನ್ನು ಇಲ್ಲಿ ಬರೆದಿದ್ದೇನೆ.

ಕಾನೂನಿನ ನೆಲೆ

ವಿಕಲಚೇತನರ ಹಕ್ಕುಗಳ ಕಾಯ್ದೆ, 2016 ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. 1995ರ ಹಳೆಯ ಕಾಯ್ದೆ 7 ಬಗೆಯ ವೈಕಲ್ಯಗಳನ್ನು ಮಾತ್ರ ಗುರುತಿಸಿತ್ತು. ಈಗಿನದು 21 ಬಗೆಗಳನ್ನು ಗುರುತಿಸುತ್ತದೆ. ಇದರ 66ನೇ ಕಲಂ ರಾಜ್ಯ ಸಲಹಾ ಮಂಡಳಿಯ ಬಗ್ಗೆ, 72ನೇ ಕಲಂ ಜಿಲ್ಲಾ ಮಟ್ಟದ ಸಮಿತಿಯ ಬಗ್ಗೆ ಹೇಳುತ್ತವೆ. ರಾಜ್ಯ ಮಂಡಳಿ ಆರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕು. ಹೆಚ್ಚಿನವರು ಗಮನಿಸದ ಒಂದು ಅಂಶ ಇಲ್ಲಿದೆ: ರಾಜ್ಯ ಮಂಡಳಿಯಲ್ಲಿ ಜಿಲ್ಲೆಗಳನ್ನು ಸರದಿಯಂತೆ ಪ್ರತಿನಿಧಿಸಲು ಐವರು ಸದಸ್ಯರಿಗೆ ಅವಕಾಶವಿದ್ದು, ಅವರ ನಾಮನಿರ್ದೇಶನ ಜಿಲ್ಲಾಡಳಿತದ ಶಿಫಾರಸಿನ ಮೇಲೆಯೇ ಆಗಬೇಕು. ಆದ್ದರಿಂದ ಜಿಲ್ಲಾ ಸಮಿತಿಯಲ್ಲಿ ಚೆನ್ನಾಗಿ ಕೆಲಸ ಮಾಡಿದ ಒಬ್ಬರ ಹೆಸರನ್ನು ಬೆಂಗಳೂರಿಗೆ ಕಳುಹಿಸಿ ಎಂದು ಜಿಲ್ಲಾಧಿಕಾರಿಗಳನ್ನು ಕೇಳಲು ನಮಗೆ ಆಧಾರವಿದೆ. ಕೇಳದಿದ್ದರೆ ಯಾರೂ ತಾವಾಗಿ ಕಳುಹಿಸುವುದಿಲ್ಲ.

ಸಮಿತಿಯು ಸಲಹೆ ಕೊಡಬಲ್ಲದೇ ಹೊರತು ಆದೇಶ ಹೊರಡಿಸಲಾರದು. ಇದರಿಂದ ಬೇಸರಪಟ್ಟು ಹಿಂದೆ ಸರಿದವರನ್ನು ನೋಡಿದ್ದೇನೆ. ಆದರೆ ಕಚೇರಿಯ ಲೋಕದಲ್ಲಿ ನಡಾವಳಿಯಲ್ಲಿ ದಾಖಲಾದ ಒಂದು ಸಲಹೆಗೆ ಕಾಲುಗಳಿರುತ್ತವೆ. ಅದು ಕಡತದಿಂದ ಕಡತಕ್ಕೆ ನಡೆಯುತ್ತದೆ, ಮುಂದಿನ ಸಭೆಯಲ್ಲಿ ಉತ್ತರ ಕೇಳಿಸಿಕೊಳ್ಳುತ್ತದೆ.

ಸಭೆಗೆ ಒಂದು ತಿಂಗಳ ಮೊದಲು

ಎಲ್ಲ ಕೆಲಸದ ಬುಡ ಇಲ್ಲಿದೆ. ಒಂದು ಸಾದಾ ನೋಟುಪುಸ್ತಕ ಇಟ್ಟುಕೊಂಡು, ಪ್ರತಿ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಂದ, ಅಂದರೆ ಊರಲ್ಲಿ ಎಲ್ಲರೂ ವಿ.ಆರ್.ಡಬ್ಲ್ಯೂ ಎಂದು ಕರೆಯುವವರಿಂದ, ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರ (ಎಂ.ಆರ್.ಡಬ್ಲ್ಯೂ) ಮೂಲಕ ಪ್ರಕರಣಗಳನ್ನು ತರಿಸಿಕೊಳ್ಳಬೇಕು. ಪ್ರತಿಯೊಂದಕ್ಕೂ ನಾಲ್ಕು ಸಂಗತಿಗಳು ಸಾಕು: ಏನು ತೊಂದರೆ, ಯಾವಾಗಿನಿಂದ, ಯಾವ ಯಾವ ಕಚೇರಿಗೆ ಎಷ್ಟು ಸಲ ಹೋದರು, ಅಲ್ಲಿ ಅವರಿಗೆ ಏನೆಂದು ಹೇಳಿ ಕಳುಹಿಸಿದರು. ಕೊನೆಯದು ಅತಿ ಮುಖ್ಯವಾದುದು. ಅದನ್ನು ಆಡಿದ ಮಾತಿನಲ್ಲೇ ಬರೆದುಕೊಳ್ಳಬೇಕು. "ಆರು ತಿಂಗಳಾತ್ರಿ ರೊಕ್ಕ ಬಂದಿಲ್ಲ, ಬ್ಯಾಂಕಿಗೆ ಹೋದ್ರ ತಹಶೀಲ್ದಾರ ಆಫೀಸಿಗೆ ಹೋಗು ಅಂತಾರ, ಅಲ್ಲಿ ಹೋದ್ರ ಬ್ಯಾಂಕಿಗೆ ಹೋಗು ಅಂತಾರ" ಎಂಬ ಒಂದು ವಾಕ್ಯದಲ್ಲಿ ಎರಡು ಕಚೇರಿಗಳ ನಡುವಿನ ಬಿರುಕು ಎಲ್ಲಿದೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಅದನ್ನೇ 'ಮಾಸಾಶನ ಸ್ಥಗಿತಗೊಂಡಿರುತ್ತದೆ' ಎಂದು ಬರೆದರೆ ಆ ಬಿರುಕು ಮುಚ್ಚಿಹೋಗುತ್ತದೆ.

ಆಮೇಲೆ ಪ್ರಕರಣಗಳನ್ನು ಊರಿನ ಪ್ರಕಾರ ಜೋಡಿಸದೆ ಕಾರಣದ ಪ್ರಕಾರ ಜೋಡಿಸಬೇಕು. ಮಾಸಾಶನವನ್ನೇ ತೆಗೆದುಕೊಳ್ಳೋಣ. ಇಪ್ಪತ್ತು ಜನರ ಮಾಸಾಶನ ನಿಂತಿದೆ ಎಂದಿಟ್ಟುಕೊಂಡರೆ, ಒಬ್ಬೊಬ್ಬರನ್ನೂ ವಿಚಾರಿಸಿದಾಗ ಕಾರಣಗಳು ಮೂರು ನಾಲ್ಕಕ್ಕೆ ಇಳಿಯುತ್ತವೆ. ಕೆಲವರು ಬೇರೊಂದು ಯೋಜನೆಗಾಗಿ ಹೊಸ ಖಾತೆ ತೆರೆದಿರುತ್ತಾರೆ; ಆಧಾರ್ ಕೊನೆಗೆ ಯಾವ ಖಾತೆಗೆ ಜೋಡಣೆಯಾಗಿದೆಯೋ ಹಣ ಆ ಖಾತೆಗೇ ಹೋಗುವುದರಿಂದ, ಅವರು ನಿಂತಿದೆ ಎಂದುಕೊಂಡ ಹಣ ಇನ್ನೊಂದು ಬ್ಯಾಂಕಿನಲ್ಲಿ ಸುಮ್ಮನೆ ಕೂಡಿಕೊಂಡಿರುತ್ತದೆ. ಕೆಲವರದು ತಾತ್ಕಾಲಿಕ ಪ್ರಮಾಣಪತ್ರವಾಗಿದ್ದು ಅದರ ಅವಧಿ ಮುಗಿದಿರುತ್ತದೆ. ಕುಷ್ಠರೋಗದಿಂದ ಗುಣಮುಖರಾದವರ, ಕೈಬೆರಳುಗಳಿಲ್ಲದವರ ಬೆರಳಚ್ಚು ಯಂತ್ರಕ್ಕೆ ಸಿಗುವುದಿಲ್ಲ. ಉಳಿದವರು ಗುಳೆ ಹೋದ ಮಕ್ಕಳೊಂದಿಗೆ ಬೆಂಗಳೂರಿಗೆ ಹೋದಾಗ ಊರಿನಲ್ಲಿ ಪರಿಶೀಲನೆ ನಡೆದು, ಮನೆಯಲ್ಲಿ ಇಲ್ಲವೆಂದು ಬರೆಯಿಸಿಕೊಂಡವರು. ಈ ನಾಲ್ಕಕ್ಕೂ ಪರಿಹಾರ ಬೇರೆ ಬೇರೆ, ಪರಿಹಾರ ಕೊಡುವ ಕಚೇರಿಯೂ ಬೇರೆ ಬೇರೆ. ಇಪ್ಪತ್ತು ಅರ್ಜಿಗಳ ಕಟ್ಟನ್ನು ಮೇಜಿನ ಮೇಲಿಟ್ಟಾಗ ಅಧಿಕಾರಿಯು ಅದನ್ನು ಗುಮಾಸ್ತರಿಗೆ ದಾಟಿಸುತ್ತಾರೆ; ನಾಲ್ಕು ಕಾರಣಗಳ ಒಂದು ಹಾಳೆಯನ್ನಿಟ್ಟಾಗ ತಾವೇ ಓದುತ್ತಾರೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಯಾವ ಕಚೇರಿ ಯಾವುದಕ್ಕೆ ಉತ್ತರದಾಯಿ ಎಂಬುದನ್ನು ಮೊದಲೇ ತಿಳಿದಿರಬೇಕು, ಇಲ್ಲವಾದರೆ ಎಲ್ಲ ಬಾಣಗಳೂ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಮೇಲೆಯೇ ಬೀಳುತ್ತವೆ. ಮಾಸಾಶನ ಕಂದಾಯ ಇಲಾಖೆಯದು. ನಾಡಕಚೇರಿ ಮತ್ತು ತಹಶೀಲ್ದಾರರ ಕಚೇರಿಯಿಂದ ಅದು ನಡೆಯುತ್ತದೆ. ವೈಕಲ್ಯದ ಪ್ರಮಾಣವನ್ನು ನಿರ್ಧರಿಸಿ ಪ್ರಮಾಣಪತ್ರ ಕೊಡುವವರು ಆರೋಗ್ಯ ಇಲಾಖೆಯ ವೈದ್ಯಾಧಿಕಾರಿಗಳು. ಅದರ ಆಧಾರದ ಮೇಲೆಯೇ ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ, ಬರುತ್ತದೆ. ಬಸ್ ಪಾಸ್ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ್ದು, ಮನೆಯಲ್ಲೇ ಇರುವ ಮಕ್ಕಳ ಗೃಹಾಧಾರಿತ ಶಿಕ್ಷಣ ಕ್ಷೇತ್ರ ಶಿಕ್ಷಣಾಧಿಕಾರಿಗಳ ವ್ಯಾಪ್ತಿಯದು. ಸಾಧನ ಸಲಕರಣೆಗಳು ಮಾತ್ರ ವಿಕಲಚೇತನರ ಇಲಾಖೆಯಿಂದಲೂ ಸ್ಥಳೀಯ ಸಂಸ್ಥೆಗಳ ಅನುದಾನದಿಂದಲೂ ಬರುತ್ತವೆ. ಕುಷ್ಟಗಿ, ಯಲಬುರ್ಗಾ ಕಡೆಯ ಊರುಗಳಲ್ಲಿ ಫ್ಲೋರೈಡ್ ನೀರು ಕುಡಿದು ಬೆನ್ನು, ಮೊಣಕಾಲು ಬಿಗಿದುಹೋದವರ ವಿಷಯ ಬಂದರೆ ಕುಡಿಯುವ ನೀರಿನ ಇಲಾಖೆಯ ಎಂಜಿನಿಯರರೂ ಸಭೆಯಲ್ಲಿ ಇರಬೇಕಾಗುತ್ತದೆ. ಸಂಬಂಧಪಟ್ಟ ಕಚೇರಿಯವರು ಹಾಜರಿಲ್ಲದ ಸಭೆಯಲ್ಲಿ ಆ ವಿಷಯವನ್ನು ಎತ್ತುವುದು ಖಾಲಿ ಕುರ್ಚಿಯೊಂದಿಗೆ ಮಾತನಾಡಿದಂತೆ. ಆದ್ದರಿಂದ ಆಹ್ವಾನಿತರ ಪಟ್ಟಿಯನ್ನು ಸಮಿತಿಯ ಕಾರ್ಯದರ್ಶಿಗಳಿಗೆ ಮೂರು ವಾರ ಮೊದಲೇ ಪತ್ರದ ಮೂಲಕ ತಿಳಿಸಿ, ಸ್ವೀಕೃತಿ ಪಡೆದುಕೊಳ್ಳಿ.

ದಿನ, ಜಾಗ, ಕಾಗದ

ಸಭೆಯ ದಿನಾಂಕವನ್ನು ಕ್ಯಾಲೆಂಡರ್ ನೋಡಿ ಇಡುವುದು ಸಣ್ಣ ಮಾತಲ್ಲ. ಹುಣ್ಣಿಮೆಯ ದಿನ ಹುಲಿಗೆಮ್ಮನ ದರ್ಶನಕ್ಕೆ ಹುಲಿಗಿಗೆ ಹೋಗುವ ಬಸ್ಸುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಊರುಗೋಲು ಹಿಡಿದವರು ಅಂದು ಗಂಗಾವತಿಯಿಂದ ಕೊಪ್ಪಳಕ್ಕೆ ಬರಬೇಕೆಂದರೆ ಅರ್ಧ ದಾರಿ ನಿಂತೇ ಬರಬೇಕು. ಗವಿಮಠದ ಜಾತ್ರೆಯ ವಾರವೂ ಬೇಡ. ಹನ್ನೊಂದು ಗಂಟೆಗೆ ಆರಂಭಿಸಿ ಮೂರು ಗಂಟೆಯೊಳಗೆ ಮುಗಿಸಿದರೆ ಕನಕಗಿರಿ, ಕಾರಟಗಿ ಕಡೆಯವರೂ ಹೊತ್ತು ಮುಳುಗುವ ಮೊದಲು ಮನೆ ಸೇರಬಹುದು. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಬೆನ್ನುಹುರಿಗೆ ಪೆಟ್ಟಾದವರನ್ನು ಮಧ್ಯಾಹ್ನ ಕರೆಸುವುದು ಅಪಾಯ. ಅವರಲ್ಲಿ ಅನೇಕರ ದೇಹ ಬೆವರಿ ತಂಪಾಗುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ.

ಸಭಾಂಗಣ ನೆಲಮಹಡಿಯಲ್ಲೇ ಇರಬೇಕು. ರ‍್ಯಾಂಪ್ ಇದೆ ಎಂದು ದೂರವಾಣಿಯಲ್ಲಿ ಹೇಳಿದರೆ ನಂಬದೆ, ಒಬ್ಬರು ಹಿಂದಿನ ದಿನ ಅಳತೆಪಟ್ಟಿ ಹಿಡಿದು ಹೋಗಿ ನೋಡಿ ಬರಲಿ. ಲೆಕ್ಕ ಸುಲಭ: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಕಟ್ಟೆ ಎರಡು ಅಡಿ ಎತ್ತರವಿದ್ದರೆ ಇಳಿಜಾರು ಇಪ್ಪತ್ನಾಲ್ಕು ಅಡಿ ಉದ್ದ ಇರಬೇಕು, ಪಕ್ಕದಲ್ಲಿ ಹಿಡಿಕೆ ಇರಬೇಕು. ನಮ್ಮ ಕಡೆ ಬಿಲ್ ಮಾಡಲೆಂದು ಕಟ್ಟಿದ ಎಷ್ಟೋ ರ‍್ಯಾಂಪುಗಳು ಆರೇಳು ಅಡಿಗೆ ಮುಗಿಯುತ್ತವೆ. ಅವುಗಳ ಮೇಲೆ ಗಾಲಿಕುರ್ಚಿ ಏರುವುದಕ್ಕಿಂತ ಬೈಕ್ ಏರುವುದೇ ಹೆಚ್ಚು. ಹಾಗಿದ್ದರೆ ಅದೂ ಸಭೆಯ ಒಂದು ವಿಷಯವಾಗಲಿ. ಇರುವ ಸಾರ್ವಜನಿಕ ಕಟ್ಟಡಗಳನ್ನು ಪ್ರವೇಶಯೋಗ್ಯವಾಗಿಸಲು ಕಾಯ್ದೆಯ 45ನೇ ಕಲಂ ಕೊಟ್ಟ ಐದು ವರ್ಷದ ಗಡುವು 2022ರಲ್ಲೇ ಮುಗಿದಿದೆ. ಪ್ರವೇಶಯೋಗ್ಯತೆಯ ನಿಯಮಗಳು ಬರೀ ಶಿಫಾರಸುಗಳಾಗಿರಬಾರದು, ಕಡ್ಡಾಯವಾಗಿರಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ.

ಕಾರ್ಯಸೂಚಿಯ ಬಗ್ಗೆ ಒಂದು ಸೂಕ್ಷ್ಮ ವಿಷಯ. ಅನೇಕ ಕಚೇರಿಗಳಲ್ಲಿ ಇಂದಿಗೂ 'ನುಡಿ' ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪ್ ಮಾಡುತ್ತಾರೆ. ಕಣ್ಣಿಗೆ ಅದು ಅಚ್ಚುಕಟ್ಟಾದ ಕನ್ನಡ, ಆದರೆ ಅಂಧರು ಫೋನಿನಲ್ಲಿ ಬಳಸುವ ಓದುವ ತಂತ್ರಾಂಶಕ್ಕೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಮುದ್ರಿಸಿ ಸ್ಕ್ಯಾನ್ ಮಾಡಿದ ಕಾಗದವಾದರೆ ಅದಕ್ಕೆ ಅಷ್ಟನ್ನೂ ಓದಲಾಗುವುದಿಲ್ಲ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದ ಕಡತವನ್ನು ಒಂದು ವಾರ ಮೊದಲೇ ಕಳುಹಿಸಿ ಎಂದು ಕೇಳಬೇಕು. ಅದು ಆಗದಿದ್ದರೆ ಎಂ.ಆರ್.ಡಬ್ಲ್ಯೂ ಒಬ್ಬರು ಅದನ್ನು ಓದಿ ಧ್ವನಿಸಂದೇಶವಾಗಿ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದರೂ ಆದೀತು. ಖರ್ಚಿಲ್ಲದ ಈ ಎರಡು ಕೆಲಸಗಳಿಂದ ಅಂಧ ಸದಸ್ಯರು ಇತರರಷ್ಟೇ ಸಿದ್ಧರಾಗಿ ಬರುತ್ತಾರೆ.

ಸಭೆಯಲ್ಲಿ ಯಾರ ಮಾತು

ನಮ್ಮ ಸಭೆಗಳಿಗೆ ಬರುವವರಲ್ಲಿ ಹೆಚ್ಚಿನವರು ಕಾಲಿನ ತೊಂದರೆಯುಳ್ಳ ಗಂಡಸರು, ಅದರಲ್ಲೂ ಪಕ್ಕಗಾಲಿ ಹಾಕಿಸಿದ ಸ್ಕೂಟರ್ ಇರುವವರು. ಅವರು ಬರಲಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಮಾನಸಿಕ ಅಸ್ವಸ್ಥತೆ, ಬೌದ್ಧಿಕ ವೈಕಲ್ಯ, ಕುಡಗೋಲು ಕಣ ರೋಗ, ತಲಸ್ಸೇಮಿಯಾ, ಪಾರ್ಕಿನ್ಸನ್ ಇವೂ 21ರ ಪಟ್ಟಿಯಲ್ಲಿವೆ, ಮತ್ತು ಇವರ ಅಗತ್ಯಗಳು ತೀರ ಬೇರೆ. ತಿಂಗಳಿಗೆ ಎರಡು ಸಲ ರಕ್ತ ಏರಿಸಿಕೊಳ್ಳಬೇಕಾದ ಮಗುವಿನ ತಂದೆಗೆ ಮೂರುಗಾಲಿ ಸೈಕಲ್ ಬೇಕಿಲ್ಲ, ಜಿಲ್ಲಾ ಆಸ್ಪತ್ರೆಯ ರಕ್ತನಿಧಿಯಲ್ಲಿ ರಕ್ತ ಬೇಕು. ರಾಜ್ಯ ಮಂಡಳಿಯಲ್ಲಿ ಸಂಘಸಂಸ್ಥೆಗಳನ್ನು ಪ್ರತಿನಿಧಿಸುವ ಹತ್ತು ಜನರಲ್ಲಿ ಕನಿಷ್ಠ ಐವರು ಮಹಿಳೆಯರಿರಬೇಕು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದಿಂದ ತಲಾ ಒಬ್ಬರಾದರೂ ಇರಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಕೆಳಗಿನ ಸಮಿತಿಗಳೂ ಅದೇ ಅಳತೆಯನ್ನು ಇಟ್ಟುಕೊಳ್ಳುವುದು ಲೇಸು.

ಮಾತಿನ ಕ್ರಮವನ್ನು ಅಧ್ಯಕ್ಷರೊಂದಿಗೆ ಮೊದಲೇ ಮಾತಾಡಿಕೊಳ್ಳಿ. ಅಧಿಕಾರಿಗಳ ಪ್ರಗತಿ ವರದಿ ಮೊದಲು ಬಂದರೆ ಒಂದೂವರೆ ಗಂಟೆ ಅಂಕಿಗಳಲ್ಲಿ ಕಳೆಯುತ್ತದೆ, ಜನರ ಮಾತಿಗೆ ಕೊನೆಯ ಹತ್ತು ನಿಮಿಷ ಉಳಿಯುತ್ತದೆ. ಸೇವೆ ಪಡೆಯುವವರು ಮೊದಲು, ಕಚೇರಿಯವರು ನಂತರ ಎಂಬ ಕ್ರಮಕ್ಕೆ ಯಾವ ನಿಯಮವೂ ಅಡ್ಡಿಯಿಲ್ಲ.

ಕಿವುಡ ಸದಸ್ಯರಿದ್ದರೆ ಸಂಜ್ಞಾ ಭಾಷೆಯ ದುಭಾಷಿಯನ್ನು ಕರೆಸಬೇಕೆಂಬುದು ಎಲ್ಲರಿಗೂ ತಿಳಿದಿದೆ. ಆದರೆ ಶಾಲೆಯ ಮುಖ ಕಾಣದೆ ಹಳ್ಳಿಯಲ್ಲೇ ಬೆಳೆದ ಎಷ್ಟೋ ಕಿವುಡರಿಗೆ ಭಾರತೀಯ ಸಂಜ್ಞಾ ಭಾಷೆ ಬರುವುದಿಲ್ಲ. ಅವರದು ಮನೆಮಂದಿಯೊಂದಿಗೆ ಕಟ್ಟಿಕೊಂಡ ಕೈಸನ್ನೆಯ ಮಾತು. ಅಂಥವರೊಂದಿಗೆ ಅವರ ಅಕ್ಕನೋ ತಮ್ಮನೋ ಬರಬೇಕು, ಆ ಇಬ್ಬರಿಗೂ ಪ್ರಯಾಣ ಭತ್ಯೆ ಸಿಗಬೇಕು. ಜೊತೆಗೆ ಬಂದವರು ತಮ್ಮ ಅಭಿಪ್ರಾಯ ಹೇಳದೆ ಅವರ ಮಾತನ್ನಷ್ಟೇ ದಾಟಿಸಬೇಕು ಎಂದು ಮೃದುವಾಗಿ ನೆನಪಿಸುವುದೂ ಬೇಕಾಗುತ್ತದೆ. ಹಾಗೆಯೇ ಯಾರ ಕಾಯಿಲೆಯ ವಿವರವನ್ನೂ ಹೆಸರು ಹಿಡಿದು ಸಭೆಯಲ್ಲಿ ಓದಬಾರದು. ಮಾನಸಿಕ ಚಿಕಿತ್ಸೆ ಪಡೆಯುತ್ತಿರುವವರ ವಿಷಯದಲ್ಲಂತೂ ಆ ಗೋಪ್ಯತೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟ ಹಕ್ಕು.

ಪದಗಳ ಜಗಳವೂ ಕೆಲವೊಮ್ಮೆ ಏಳುತ್ತದೆ. ಸರ್ಕಾರಿ ಕಾಗದದಲ್ಲಿ ವಿಕಲಚೇತನ, ಪತ್ರಿಕೆಗಳಲ್ಲಿ ವಿಶೇಷಚೇತನ, ಹಿರಿಯರ ಬಾಯಲ್ಲಿ ಅಂಗವಿಕಲ. ಎದುರಿಗಿರುವವರು ತಮ್ಮನ್ನು ಹೇಗೆ ಕರೆದುಕೊಳ್ಳುತ್ತಾರೋ ಹಾಗೆ ಕರೆದು ಮುಂದಿನ ವಿಷಯಕ್ಕೆ ಹೋಗುವುದು ಒಳ್ಳೆಯದು. ನಾನು ಕಂಡ ಒಂದು ಸಭೆಯಲ್ಲಿ ಈ ಚರ್ಚೆಗೇ ಮುಕ್ಕಾಲು ಗಂಟೆ ಹೋಯಿತು, ಪ್ರಮಾಣಪತ್ರದ ವಿಷಯ ಮುಂದಿನ ಸಭೆಗೆ ಹೋಯಿತು.

ನಡಾವಳಿಯ ಭಾಷೆ

ಸಭೆಯಲ್ಲಿ ಆಡಿದ್ದೆಲ್ಲ ಗಾಳಿಗೆ, ನಡಾವಳಿಯಲ್ಲಿ ಬರೆದದ್ದಷ್ಟೇ ಕಡತಕ್ಕೆ. ಒಂದು ಮಾಮೂಲಿ ನಿರ್ಣಯ ಹೀಗಿರುತ್ತದೆ: 'ಶ್ರವಣದೋಷವುಳ್ಳವರಿಗೆ ಪ್ರಮಾಣಪತ್ರ ನೀಡುವಲ್ಲಿ ವಿಳಂಬವಾಗುತ್ತಿರುವ ಬಗ್ಗೆ ಚರ್ಚಿಸಿ, ಅಗತ್ಯ ಕ್ರಮ ಕೈಗೊಳ್ಳಲು ಸಂಬಂಧಪಟ್ಟವರಿಗೆ ಸೂಚಿಸಲಾಯಿತು.' ಇದರಲ್ಲಿ ಯಾರು, ಏನು, ಯಾವಾಗ ಎಂಬ ಮೂರೂ ಇಲ್ಲ. 'ಸಂಬಂಧಪಟ್ಟವರು' ಎಂಬ ಹುದ್ದೆ ಯಾವ ಇಲಾಖೆಯಲ್ಲೂ ಇಲ್ಲ. ಅದೇ ನಿರ್ಣಯವನ್ನು ಹೀಗೆ ಬರೆಯಿಸಬಹುದು: 'ಶ್ರವಣ ಪರೀಕ್ಷೆಯ ಸೌಲಭ್ಯ ಜಿಲ್ಲಾ ಕೇಂದ್ರದಲ್ಲಿ ಮಾತ್ರ ಇರುವುದರಿಂದ, ಪ್ರತಿ ತಿಂಗಳ ಎರಡನೆಯ ಬುಧವಾರ ಸರದಿಯಂತೆ ಒಂದೊಂದು ತಾಲ್ಲೂಕು ಆಸ್ಪತ್ರೆಯಲ್ಲಿ ಪರೀಕ್ಷೆ ನಡೆಸಲು ಜಿಲ್ಲಾ ಶಸ್ತ್ರಚಿಕಿತ್ಸಕರು ತಜ್ಞರನ್ನು ನಿಯೋಜಿಸುವುದು, ಮೊದಲ ಶಿಬಿರವನ್ನು ಆಗಸ್ಟ್ ಅಂತ್ಯದೊಳಗೆ ನಡೆಸಿ, ಹಾಜರಾದವರ ಮತ್ತು ಪ್ರಮಾಣಪತ್ರ ಪಡೆದವರ ಸಂಖ್ಯೆಯನ್ನು ಮುಂದಿನ ಸಭೆಗೆ ತಿಳಿಸುವುದು.' ಇದರಿಂದ ತಪ್ಪಿಸಿಕೊಳ್ಳುವುದು ಕಷ್ಟ. ಆಗದಿದ್ದರೂ ಯಾಕೆ ಆಗಲಿಲ್ಲ ಎಂಬುದಕ್ಕೆ ಬರಹದ ಉತ್ತರವಾದರೂ ಬರುತ್ತದೆ.

ಇಂಥ ವಾಕ್ಯವನ್ನು ಸಭೆಯ ನಡುವೆ ಹೊಸೆಯಲಾಗದು. ಪ್ರತಿ ವಿಷಯಕ್ಕೂ ಕರಡನ್ನು ಮನೆಯಲ್ಲೇ ಬರೆದುಕೊಂಡು ಹೋಗಿ, ಚರ್ಚೆ ಮುಗಿದ ಕೂಡಲೇ ನಡಾವಳಿ ಬರೆಯುವ ಸಿಬ್ಬಂದಿಯ ಕೈಗೆ ಕೊಡಬೇಕು. ಕೆಲಸದ ಹೊರೆಯಲ್ಲಿರುವ ಅವರು ಸಿದ್ಧ ವಾಕ್ಯವನ್ನು ಬೇಡವೆನ್ನುವುದು ಅಪರೂಪ. ಒಂದು ಸಭೆಗೆ ಮೂರು ವಿಷಯ ಸಾಕು, ಹೆಚ್ಚೆಂದರೆ ನಾಲ್ಕು. ಹದಿನೈದು ವಿಷಯಗಳಿರುವ ಕಾರ್ಯಸೂಚಿ ನೋಡಲು ಭರ್ಜರಿ, ಫಲ ಮಾತ್ರ ಸೊನ್ನೆ.

ಹಣ ಮತ್ತು ತಿಂಗಳು

ಸ್ಥಳೀಯ ಸಂಸ್ಥೆಗಳು ತಮ್ಮ ಅನುದಾನದಲ್ಲಿ ಶೇ 5ರಷ್ಟನ್ನು ವಿಕಲಚೇತನರಿಗಾಗಿ ಮೀಸಲಿಡಬೇಕು. ಮೀಸಲಿಡುವುದಕ್ಕಿಂತ ಖರ್ಚು ಮಾಡುವ ಬಗೆಯಲ್ಲಿ ಎಡವಟ್ಟು ಹೆಚ್ಚು. ಮಾರ್ಚ್ ಬಂತೆಂದರೆ ಹಣ ವಾಪಸ್ಸಾಗುತ್ತದೆಂಬ ಗಾಬರಿಯಲ್ಲಿ ಒಂದೇ ಬಗೆಯ ಸಲಕರಣೆಯನ್ನು ಎಲ್ಲರಿಗೂ ಹಂಚಿಬಿಡುತ್ತಾರೆ. ಕೈಗಳಲ್ಲೇ ಬಲವಿಲ್ಲದ ಒಬ್ಬ ತಾಯಿಗೆ ಕೈಯಿಂದ ತುಳಿಯುವ ಮೂರುಗಾಲಿ ಸೈಕಲ್ ಕೊಟ್ಟಿದ್ದನ್ನು ನಾನು ನೋಡಿದ್ದೇನೆ. ಆರು ತಿಂಗಳ ಮೇಲೆ ಹೋದಾಗ ಅದರ ಸೀಟಿನ ಮೇಲೆ ಮೆಣಸಿನಕಾಯಿ ಒಣಗುತ್ತಿತ್ತು. ಸಲಕರಣೆ ಕೊಡುವ ಮೊದಲು ಒಬ್ಬೊಬ್ಬರ ಅಳತೆ, ಬಲ, ಮನೆಯ ಬಾಗಿಲಿನ ಅಗಲ ನೋಡಬೇಕು ಎಂಬುದು ಸಮಿತಿ ಕೊಡಬಹುದಾದ ಅತ್ಯಂತ ಉಪಯುಕ್ತ ಸಲಹೆಗಳಲ್ಲಿ ಒಂದು. ರಿಪೇರಿಗೂ ಅಷ್ಟಿಷ್ಟು ಹಣ ತೆಗೆದಿರಿಸಿ ಎನ್ನುವುದು ಇನ್ನೊಂದು: ಹೊಸ ಗಾಲಿಕುರ್ಚಿಗೆ ಅನುದಾನ ಸಿಗುತ್ತದೆ, ಹಳೆಯದರ ಟೈರಿಗೆ ಸಿಗುವುದಿಲ್ಲ.

ಆದರೆ ಇದನ್ನು ಮಾರ್ಚ್‌ನಲ್ಲಿ ಹೇಳಿ ಪ್ರಯೋಜನವಿಲ್ಲ. ಗ್ರಾಮ ಪಂಚಾಯಿತಿಗಳ ಮುಂದಿನ ವರ್ಷದ ಅಭಿವೃದ್ಧಿ ಯೋಜನೆಯ ಸಿದ್ಧತೆ ಅಕ್ಟೋಬರ್‌ನಲ್ಲೇ ಶುರುವಾಗುತ್ತದೆ. ಆದ್ದರಿಂದ ಹಣದ ವಿಷಯವನ್ನು ಆಗಸ್ಟ್ ಅಥವಾ ಸೆಪ್ಟೆಂಬರ್ ಸಭೆಯಲ್ಲಿ ಇಟ್ಟು, ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಂದ ಎಲ್ಲ ಪಿಡಿಒಗಳಿಗೆ ಪತ್ರ ಹೋಗುವಂತೆ ನೋಡಿಕೊಂಡರೆ, ವಿಕಲಚೇತನರ ಸಮನ್ವಯ ಗ್ರಾಮಸಭೆಗಳಲ್ಲಿ ಆ ಪತ್ರವನ್ನು ಹಿಡಿದು ಕೇಳಬಹುದು. ಗುಳೆ ಹೋಗುವ ಕುಟುಂಬಗಳು ಊರಿನಲ್ಲಿರುವಾಗಲೇ ಆ ಗ್ರಾಮಸಭೆ ಸೇರಬೇಕು ಎಂಬ ಒಂದು ಸಾಲನ್ನೂ ಪತ್ರದಲ್ಲಿ ಸೇರಿಸುವಂತೆ ಕೋರಿ.

ಸಭೆಯ ನಂತರ

ನಡಾವಳಿ ಕೈಗೆ ಬಂದ ದಿನವೇ ಓದಿ, ಆಡಿದ್ದಕ್ಕೂ ಬರೆದದ್ದಕ್ಕೂ ವ್ಯತ್ಯಾಸವಿದ್ದರೆ ಪತ್ರ ಬರೆದು ತಿದ್ದಿಸಿ. ಹದಿನೈದು ದಿನ ಕಳೆದರೂ ಬರದಿದ್ದರೆ ಕಚೇರಿಗೆ ಹೋಗಿ ಕೇಳಿ, ಆಗಲೂ ಇಲ್ಲವೆಂದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ಮೂವತ್ತು ದಿನಗಳೊಳಗೆ ಉತ್ತರ ಬರಬೇಕು. ಸಮಿತಿಯ ಸದಸ್ಯರೇ ಮಾಹಿತಿ ಹಕ್ಕಿನ ಅರ್ಜಿ ಹಾಕುವುದು ಸಂಬಂಧ ಕೆಡಿಸುತ್ತದೆ ಎನ್ನುವವರಿದ್ದಾರೆ. ಆ ಮಾತಿನಲ್ಲಿ ಸ್ವಲ್ಪ ನಿಜವಿದೆ, ಅದಕ್ಕೇ ಅದನ್ನು ಮೂರನೆಯ ಹೆಜ್ಜೆಯಾಗಿ ಹೇಳಿದ್ದೇನೆ.

ಸಮಿತಿಯ ಕೈಯಲ್ಲಿ ಬಗೆಹರಿಯದ ವಿಷಯಗಳಿಗೆ ಬೇರೆ ದಾರಿಗಳಿವೆ. ಸರ್ಕಾರಿ ನೌಕರಿಯಲ್ಲಿ ತಾರತಮ್ಯವಾಗಿದ್ದರೆ ವಿಕಲಚೇತನರ ಹಕ್ಕುಗಳ ಕಾಯ್ದೆಯ 23ನೇ ಕಲಂ ಪ್ರಕಾರ ಆಯಾ ಸಂಸ್ಥೆಯ ಕುಂದುಕೊರತೆ ನಿವಾರಣಾ ಅಧಿಕಾರಿ ದೂರನ್ನು ಎರಡು ವಾರದೊಳಗೆ ವಿಚಾರಿಸಬೇಕು. ಅಲ್ಲಿ ಸಮಾಧಾನವಾಗದವರು ಜಿಲ್ಲಾ ಮಟ್ಟದ ಸಮಿತಿಗೇ ಬರಬಹುದು. ಇಡೀ ಜಿಲ್ಲೆಗೆ ಸಂಬಂಧಿಸಿದ, ಎರಡು ಮೂರು ಸಭೆಗಳಲ್ಲಿ ನಿರ್ಣಯವಾಗಿಯೂ ನಿಂತ ಕೆಲಸವಿದ್ದರೆ, ನಡಾವಳಿಗಳ ಪ್ರತಿಗಳನ್ನು ಲಗತ್ತಿಸಿ ರಾಜ್ಯದ ವಿಕಲಚೇತನರ ಆಯುಕ್ತರಿಗೆ ಬರೆಯಿರಿ. ಅವರು ಶಿಫಾರಸು ಮಾಡಿದರೆ ಸಂಬಂಧಿಸಿದ ಪ್ರಾಧಿಕಾರವು ಮೂರು ತಿಂಗಳೊಳಗೆ ಕೈಗೊಂಡ ಕ್ರಮವನ್ನು ಅವರಿಗೆ ತಿಳಿಸಬೇಕು. ವೈಯಕ್ತಿಕವಾಗಿ ನ್ಯಾಯಾಲಯಕ್ಕೆ ಹೋಗಬೇಕಾದ ವಿಕಲಚೇತನರಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಇದು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಿಂದ ಬಂದ ಹಕ್ಕು.

ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಅನುಪಾಲನಾ ವರದಿಯನ್ನು ಮೊದಲ ವಿಷಯವಾಗಿ ಇಡಿಸಿ. ಹಿಂದಿನ ಮೂರು ನಿರ್ಣಯಗಳಲ್ಲಿ ಆದದ್ದೆಷ್ಟು, ಆಗದ್ದೆಷ್ಟು ಎಂದು ಓದಿದ ಮೇಲೆಯೇ ಹೊಸ ವಿಷಯಕ್ಕೆ ಹೋಗಿ. ನೋಟುಪುಸ್ತಕದಲ್ಲಿ ಹೆಸರು ಬರೆಯಿಸಿದ ಪ್ರತಿಯೊಬ್ಬರಿಗೂ ಅವರವರ ವಿ.ಆರ್.ಡಬ್ಲ್ಯೂ ಮೂಲಕ ಏನಾಯಿತೆಂದು ಹೇಳಿ ಕಳುಹಿಸಿ, ಏನೂ ಆಗಿಲ್ಲವಾದರೆ ಆಗಿಲ್ಲವೆಂದೇ ಹೇಳಿ ಕಳುಹಿಸಿ.